ನಿನಗಂತ ಹೇಳಿದ ಧಾರಣಿ

ಬಜಾರಿನಲ್ಲಿ ಯಾರಾದರೂ ‘ಸಾಹೇಬ್ರ’ ಎಂದು ಕರೆದರೆ ಶಂಭುವಿನ ಬೆನ್ನು ತಾನಾಗಿಯೇ ನೆಟ್ಟಗಾಗುತ್ತಿತ್ತು. ಇವತ್ತು ಆಗಲಿಲ್ಲ. ಕರೆದವನು ಬಾಳೆಹಣ್ಣಿನ ಗಾಡಿಯವನು, ದಿನಾ ಕರೆಯುವವನೇ, ಹಲ್ಲು ಕಿರಿದು ಕೈ ಎತ್ತಿದ್ದೂ ದಿನದಂತೆಯೇ. ಆದರೂ ಆ ನಗೆಯಲ್ಲಿ ಏನೋ ಒಂದಿಷ್ಟು ಹೆಚ್ಚಿಗೆ ಇದೆ ಅನ್ನಿಸಿತು. ನಿನ್ನೆ ಸಂಜೆಯಿಂದ ಹೀಗೇ. ನಿನ್ನೆ ಸಂಜೆ ಅಕ್ಕ ನಾಗರತ್ನಾ ಫೋನು ಮಾಡಿ, ಉಂಡೆಯಾ ಬಿಟ್ಟೆಯಾ ಎಂದು ಸಹ ಕೇಳದೆ, “ನಮ್ಮ ಕೌಂಟರ ಬಂದ್ ಮಾಡಿದ್ರಪಾ” ಎಂದಿದ್ದಳು. ಅಷ್ಟೇ. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಪಾಡಿತ್ತು. ಅಕ್ಕ ಬೈಯುವುದರಲ್ಲಿ ಗಟ್ಟಿಗಿತ್ತಿ, ಬೈದು ಮುಗಿಸಿದ ಮೇಲೆ ತಾನೇ ಚಹಾಕ್ಕೆ ಇಡುವವಳು. ಬೇಳೆಯ ಬೆಲೆ ಏರುತ್ತ ಏರುತ್ತ ಸಾರು ನೀರಾಗತೊಡಗಿದಾಗ ಸರಕಾರ ಅಲ್ಲಲ್ಲಿ ಅಗ್ಗದ ದರದ ಮಳಿಗೆ ತೆರೆದಿತ್ತು. ಇಳಕಲ್ಲಿನಲ್ಲಿ ಅದು ಬಂದದ್ದು ನೇಕಾರರ ಓಣಿಯ ಗುಡಿಯ ಪಡಸಾಲೆಗೆ: ಒಂದು ತಕ್ಕಡಿ, ಒಂದು ಬ್ಯಾನರು, ಗೋಡೆಗೆ ಒತ್ತಿ ಪೇರಿಸಿದ ತೊಗರಿಬೇಳೆಯ ಚೀಲಗಳು, ತಕ್ಕಡಿಯ ಹಿಂದೆ ಮಹಿಳಾ ಸಂಘದ ಪರವಾಗಿ ನಾಗರತ್ನಾ. ಸೀರೆಯ ಒಡಲಿನ ಎಳೆಗೆ ಸೆರಗಿನ ಎಳೆಯನ್ನು ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸದಲ್ಲಿ ಅರ್ಧ ಆಯುಷ್ಯ ಬಗ್ಗಿ ಕೂತವಳು ಆಕೆ. ಮಗ್ಗಗಳು ಕಡಿಮೆಯಾಗಿ ಆ ಕೆಲಸವೂ ಇವತ್ತು ಇದ್ದರೆ ನಾಳೆ ಇಲ್ಲ ಎನ್ನುವ ಹಾಗಾದಾಗ ಈ ತಕ್ಕಡಿ ಬಂದು ಅವಳನ್ನು ಎಬ್ಬಿಸಿ ನಿಲ್ಲಿಸಿತ್ತು. ಓಣಿಯ ಸೊಸೆಯಂದಿರು ‘ನಾಗರತ್ನಕ್ಕಾರ’ ಎನ್ನತೊಡಗಿದ್ದರು. ಸಾಲಿನಲ್ಲಿ ನುಗ್ಗಿದವರನ್ನು ಗದರಿಸುತ್ತಿದ್ದಳು, ಮುದುಕಿಯರನ್ನು ಮುಂದೆ ಕರೆಯುತ್ತಿದ್ದಳು. ಐವತ್ತು ದಾಟಿದ ಮೇಲೆ ಅಕ್ಕನಿಗೆ ಧ್ವನಿ ಬಂದಿತ್ತು. ಅದು ನಿನ್ನೆ ಬಂದ್ ಆಯಿತು.

ಯಾಕೆ ಬಂದ್ ಆಯಿತು ಎಂದು ಶಂಭು ಕೇಳಲಿಲ್ಲ. ಕೇಳುವ ಅಗತ್ಯವಿರಲಿಲ್ಲವೋ ಧೈರ್ಯವಿರಲಿಲ್ಲವೋ ಅವನಿಗೇ ತಿಳಿಯದು. ಅವನು ಊರಿನ ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಬೇರೆ ಹತ್ತು ಕೆಲಸಗಳ ಜೊತೆ ಪೇಟೆಯ ಧಾರಣೆ ಕಳಿಸುವ ಕೆಲಸವೂ ಅವನ ಕೊರಳಿಗೆ ಬಿದ್ದಿತ್ತು. ಬೆಳಿಗ್ಗೆ ಅಂಗಡಿ ತೆರೆಯುವ ಹೊತ್ತಿಗೆ ಹೋಗಿ ಬೇಳೆ, ಎಣ್ಣೆ, ಸಕ್ಕರೆ, ಉಳ್ಳಾಗಡ್ಡಿ ಬಿಡಿ ಮಾರಾಟದಲ್ಲಿ ಹೇಗಿವೆ ಎಂದು ವಿಚಾರಿಸಿ ಫೋನಿನಲ್ಲಿ ತುಂಬಬೇಕು. ತುಂಬಿದ್ದು ಬಾಗಲಕೋಟೆಗೆ ಹೋಗುತ್ತದೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ದಿಲ್ಲಿಗೆ. ಎಲ್ಲಿ ಧಾರಣೆ ಮಿತಿ ಮೀರಿದೆಯೋ ಅಲ್ಲಿಗೆ ಅಗ್ಗದ ಬೇಳೆ ಬರುತ್ತದೆ, ಗೋದಾಮುಗಳ ತಪಾಸಣೆಗೆ ಜೀಪು ಬರುತ್ತದೆ. ಎಲ್ಲಿ ಇಳಿದಿದೆಯೋ ಅಲ್ಲಿಂದ ಎರಡೂ ಹಿಂದೆ ಸರಿಯುತ್ತವೆ. ಇದನ್ನೆಲ್ಲ ಬಾಗಲಕೋಟೆಯ ತರಬೇತಿಯಲ್ಲಿ ಸುನೀಲಕುಮಾರ ಸಾಹೇಬರು ಗೋಡೆಯ ಮೇಲೆ ಬಣ್ಣಬಣ್ಣದ ಗೆರೆ ಹಾಯಿಸಿ ತೋರಿಸಿದ್ದರು. “ಗುರ್ತು ಹೇಳಬ್ಯಾಡ್ರಿ. ಸಾದಾ ಗಿರಾಕಿ ಹಂಗ ಹೋಗಿ ಕೇಳ್ರಿ. ಮೂರು ಅಂಗಡಿ ಕೇಳ್ರಿ” ಎಂದಿದ್ದರು. “ನಮ್ಮೂರಾಗ ಗುರ್ತು ಸಿಗಬಾರ್ದಂದ್ರ ಮೀಸಿ ಬೋಳಿಸ್ಕೊಂಡ ಹೋಗಬೇಕಾಗ್ತದ್ರಿ ಸರ್” ಎಂದು ಶಂಭು ಹಿಂದಿನ ಬೆಂಚಿನಿಂದ ಅಂದಾಗ ಇಡೀ ಹಾಲು ನಕ್ಕಿತ್ತು. ಅಷ್ಟು ಜನರನ್ನು ಒಮ್ಮೆಗೇ ನಗಿಸಿದ್ದು ಅವನ ಬಾಳಿನಲ್ಲಿ ಅದೇ ಮೊದಲು. ಬರುವಾಗ ಆ ಖುಷಿಗೆ ಅಮೀನಗಡದಲ್ಲಿ ಬಸ್ಸಿನಿಂದ ಇಳಿದು ಒಂದು ಡಬ್ಬಿ ಕರದಂಟು ಕೊಂಡು, ಅದನ್ನು ಮನೆಗೂ ಒಯ್ಯಲಿಲ್ಲ, ಅಕ್ಕನಿಗೂ ಕೊಡಲಿಲ್ಲ, ನೆಟ್ಟಗೆ ಮುತ್ತಪ್ಪನ ಅಂಗಡಿಗೆ ಹೋಗಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. ಧಾರಣೆ ಎಲ್ಲೆಲ್ಲಿಗೆ ಹೋಗುತ್ತದೆ, ಹೋಗಿ ಏನೇನಾಗುತ್ತದೆ ಎಲ್ಲವನ್ನೂ ಅವನ ಮುಂದೆ ಬಿಚ್ಚಿ ಹೇಳಿದ. ಗೋಡೆಯ ಮೇಲಿನ ಗೆರೆಗಳನ್ನು ಬೆರಳಿನಿಂದ ಗಾಳಿಯಲ್ಲಿ ಬರೆದೂ ತೋರಿಸಿದ. ಮುತ್ತಪ್ಪ ಕರದಂಟು ಮೆಲ್ಲುತ್ತ, “ಅಂದ್ರ ನೀ ಹೇಳಿದ್ದ ದಿಲ್ಲಿಗಿ ಮುಟ್ಟತದನ್ಲೇ?” ಎಂದು ಕಣ್ಣರಳಿಸಿದ್ದ.

ಇವತ್ತೂ ಮುತ್ತಪ್ಪ ಅಂಗಡಿಯ ಮುಂದೆ ನೀರು ಚಿಮುಕಿಸಿ, ಊದಿನಕಡ್ಡಿ ಹಚ್ಚಿ, ಹಣೆಯ ವಿಭೂತಿ ಇನ್ನೂ ಹಸಿಯಾಗಿರುವಾಗಲೇ ಶಂಭುವನ್ನು ಕಂಡು “ಬಾರಪಾ ದಿಲ್ಲಿ ದೊರಿ” ಎಂದ. ಯಾವಾಗಲೂ ಅದೇ ಮಾತು. ಶಂಭು ಸ್ಟೂಲಿನ ಮೇಲೆ ಕೂತ. ಎದುರಿಗೆ ಇಬ್ಬರು ಗಿರಾಕಿಗಳಿದ್ದರು. ಅವರು ಹೋಗುವವರೆಗೆ ಮುತ್ತಪ್ಪ ಕಾದ, ಶಂಭುವೂ ಕಾದ. ಪೇಟೆಯಲ್ಲಿ ಧಾರಣೆ ಒಂದೇ ಇರುವುದಿಲ್ಲ ಎಂಬುದು ಇಲ್ಲಿ ಹುಟ್ಟಿದ ಕೂಸಿಗೂ ಗೊತ್ತು. ಗುರುತಿಲ್ಲದವರಿಗೆ ಒಂದು, ಓಣಿಯವರಿಗೆ ಒಂದು, ಬೀಗರಿಗೆ ಒಂದು. ಅಂಗಡಿಯವನು ಮುಂದಕ್ಕೆ ಬಗ್ಗಿ, ದನಿ ತಗ್ಗಿಸಿ, ‘ನಿನಗಂತ ಹೇಳ್ತೇನಿ’ ಎಂದು ಶುರುಮಾಡಿದರೆ ಆ ಅಂಗಡಿಯಲ್ಲಿ ನಿನಗೆ ಎಷ್ಟು ಸಲಿಗೆ ಇದೆ ಎಂಬುದು ಅಕ್ಕಪಕ್ಕದವರಿಗೂ ತಿಳಿಯುತ್ತದೆ. ಅದರ ಮೇಲೆ ‘ಮಂದಿಗೆ ಎಷ್ಟು?’ ಎಂದು ಯಾವ ಮರ್ಯಾದಸ್ತನೂ ಕೇಳುವುದಿಲ್ಲ. ಕೇಳಿದರೆ ಸಲಿಗೆಯ ಮೇಲೇ ಕಾಲಿಟ್ಟ ಹಾಗೆ. “ನಿನಗಂತ ಹೇಳ್ತೇನಿ, ನೂರಾ ಮೂವತ್ತೆಂಟ. ಹಾಕ್ಕೋ” ಎಂದ ಮುತ್ತಪ್ಪ. ಅಕ್ಕಪಕ್ಕದ ಎರಡು ಅಂಗಡಿಯವರೂ ಕೂತಲ್ಲಿಂದಲೇ ಕೂಗಿ ಒಂದು ರೂಪಾಯಿ ಹಿಂದೆ ಮುಂದೆ ಹೇಳಿದರು. ಮೂರು ಅಂಗಡಿ ಕೇಳಿದಂತಾಯಿತು. ಶಂಭು ಫೋನು ತೆಗೆದು ತುಂಬಿದ. ಕಳಿಸುವ ಗುಂಡಿಯ ಮೇಲೆ ಹೆಬ್ಬೆರಳು ಇವತ್ತು ಒಂದು ಕ್ಷಣ ನಿಂತಿತು. “ಮುತ್ತ್ಯಾ, ಅಕ್ಕನ ಕೌಂಟರ ಬಂದ್ ಮಾಡ್ಯಾರಂತಲೇ” ಎಂದ. “ಅಯ್ಯ, ಹೌದ?” ಮುತ್ತಪ್ಪ ಹುಬ್ಬೇರಿಸಿದ, ಗಲ್ಲಾದ ಮೇಲಿನ ಧೂಳು ಒರೆಸಿದ. “ಸರಕಾರದ್ದು ಹಂಗ ಬಿಡು. ಕೊಡೂದೂ ಅದ, ಕಸಗೊಳ್ಳೂದೂ ಅದ.” ಶಂಭುವಿನ ಹೆಬ್ಬೆರಳು ಒತ್ತಿತು.

ಸಣ್ಣವನಿದ್ದಾಗ ಇದೇ ಅಂಗಡಿಯ ಮುಂದೆ ಶಂಭು ನಿಂತಿದ್ದು ಎಷ್ಟು ಸಲವೋ. ಅವ್ವ ಕೈಯಲ್ಲಿ ಬಟ್ಟಲು ಕೊಟ್ಟು ಕಳಿಸುತ್ತಿದ್ದಳು. ಅರ್ಧ ಪಾವು ಬೇಳೆಗೆ ಯಾರು ಚೀಲ ಹಿಡಿಯುತ್ತಾರೆ? ಆಗ ಗಲ್ಲಾದ ಮೇಲೆ ಮುತ್ತಪ್ಪನ ಅಪ್ಪ. ಬಟ್ಟಲು ಕಂಡರೆ ಅವನ ಕಣ್ಣು ಮೇಲಕ್ಕೆ, ರಸ್ತೆಯ ಆಚೆಗೆ ಹೋಗುತ್ತಿತ್ತು. ಆಮೇಲೆ ಬಂದವರಿಗೆಲ್ಲ ಕೊಟ್ಟು, ಅವರ ಆಮೇಲೆ ಬಂದವರಿಗೂ ಕೊಟ್ಟು, ಕಡೆಗೆ ಗಟ್ಟಿಯಾಗಿ, ಓಣಿಗೆ ಕೇಳುವ ಹಾಗೆ, “ಏನೋ ನೇಕಾರ ಹುಡುಗ, ಇವತ್ತರೆ ರೊಕ್ಕ ತಂದೀಯಿಲ್ಲೋ?” ಎನ್ನುತ್ತಿದ್ದ. ರೊಕ್ಕ ಮುಷ್ಟಿಯಲ್ಲಿ ಬೆವತು ಕೂತಿದ್ದರೂ ಶಂಭುವಿಗೆ ‘ಹೂಂ’ ಅನ್ನಲು ಬಾಯಿ ಬರುತ್ತಿರಲಿಲ್ಲ. ತನ್ನದೇ ತರಗತಿಯ ಮುತ್ತಪ್ಪ ಆಗ ಬೆಲ್ಲದ ಪೆಂಟೆಗಳ ರಾಶಿಯ ಹಿಂದಿನಿಂದ ಬಂದು ಒಂದು ಚೂರು ಬೆಲ್ಲ ಅಂಗೈಯಲ್ಲಿ ತುರುಕಿ ಹೋಗುತ್ತಿದ್ದ. ಶಂಭು ನೌಕರಿ ಹಿಡಿದು, ಪ್ಯಾಂಟು ಇಸ್ತ್ರಿ ಮಾಡಿಸಿಕೊಂಡು ಮೊದಲ ದಿನ ಇದೇ ಅಂಗಡಿಗೆ ಬಂದಾಗ ಮುತ್ತಪ್ಪ ಗಲ್ಲಾ ಬಿಟ್ಟು ಎದ್ದು ನಿಂತು ಸ್ಟೂಲು ಒರೆಸಿ ಕೊಟ್ಟಿದ್ದ. ನಾಲ್ಕು ಗಿರಾಕಿಗಳ ಎದುರು. ಆ ಸ್ಟೂಲು ಸಿಕ್ಕ ಮೇಲೆ ಶಂಭುವಿಗೆ ಬದುಕಿನಲ್ಲಿ ಇನ್ನೇನೂ ದೊಡ್ಡದು ಬೇಕೆನಿಸಿರಲಿಲ್ಲ, ಖರೆ ಹೇಳಬೇಕೆಂದರೆ.

ಮಧ್ಯಾಹ್ನದ ಊಟದ ಬಿಡುವಿನಲ್ಲಿ ಸ್ಕೂಟರ್ ನೇಕಾರರ ಓಣಿಗೆ ತಿರುಗಿತು. ಬರುವ ಮನಸ್ಸಿರಲಿಲ್ಲ, ಬಾರದಿದ್ದರೆ ಅಕ್ಕ ಮತ್ತೊಂದು ಫೋನು ಮಾಡುತ್ತಾಳೆ, ಅದೇ ತಣ್ಣಗಿನ ದನಿಯಲ್ಲಿ. ಗುಡಿಯ ಪಡಸಾಲೆ ಖಾಲಿ. ಬ್ಯಾನರು ಬಿಚ್ಚಿದ ಕಡೆ ಗೋಡೆ ಮಾತ್ರ ಬೆಳ್ಳಗೆ ಕಾಣುತ್ತಿತ್ತು. ಆದರೆ ಹೆಂಗಸರು ಹೋಗಿರಲಿಲ್ಲ. ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತು ಎಲ್ಲರೂ ಒಮ್ಮೆಗೇ ಮಾತಾಡುತ್ತಿದ್ದರು. ನಡುವೆ ನಾಗರತ್ನಾ. ಅವಳ ಪಕ್ಕ ಅಂಬವ್ವ, ಓಣಿಯ ಹಿರಿಯಳು, ಹಲ್ಲಿಲ್ಲದಿದ್ದರೂ ಎಲ್ಲರಿಗಿಂತ ಮೊದಲು ಕಚ್ಚುವವಳು. ಈಚೆಗೆ ತಬಸುಮ, ಸೀರೆಗೆ ಕುಚ್ಚು ಕಟ್ಟುವವಳು, ಮಾತಿನ ನಡುವೆಯೂ ಬೆರಳು ನಿಲ್ಲಿಸದವಳು. “ಬಂದ್ರು ನೋಡ್ರಿ, ಸರಕಾರದವ್ರು!” ಎಂದಳು ಅಂಬವ್ವ. “ಏ ಶಂಭು, ನಿಮ್ಮ ಕಚೇರ್ಯಾಗ ಕಣ್ಣಿದ್ದವ್ರು ಯಾರರೆ ಅದಾರೇನು? ಇಳಕಲ್ಲ ಪ್ಯಾಟ್ಯಾಗ ಬ್ಯಾಳಿ ರೇಟ ಇಳದೈತಿ, ಅದಕ್ಕ ಕೌಂಟರ ಬ್ಯಾಡ ಅಂತ ಹೇಳಿ ಹ್ವಾದ್ರು ನಿನ್ನಿ. ಎಲ್ಲಿ ಇಳದೈತಿ? ಯಾವ ಪ್ಯಾಟ್ಯಾಗ? ನನಗ ತೋರ್ಸು, ನಾ ನಡಕೋತ ಹೋಗಿ ತರ್ತೇನಿ.” ಹೆಂಗಸರು ನಕ್ಕರು. ನಾಗರತ್ನಾ ನಗಲಿಲ್ಲ. “ಯಾವ ಕಣ್ಣಿಲ್ಲದಾಂವ ಅದನ್ನ ಬರದು ಕಳಿಸ್ಯಾನೋ ಏನೋ” ಎಂದಳು, ತಮ್ಮನ ಕಡೆಗೆ ನೋಡದೆ. ಅವಳಿಗೆ ಗೊತ್ತಿರಲಿಲ್ಲ. ಧಾರಣೆ ಕಳಿಸುವ ಕೆಲಸ ತನ್ನದೆಂದು ಶಂಭು ಮುತ್ತಪ್ಪನಿಗೆ ಹೇಳಿದ್ದ, ಅಕ್ಕನಿಗೆ ಹೇಳಿರಲಿಲ್ಲ. ಅಕ್ಕನ ಎದುರು ಅದು ಹೇಳಿಕೊಳ್ಳುವಂಥ ಕೆಲಸ ಅನ್ನಿಸಿರಲಿಲ್ಲ. ಅಂಗಡಿ ಅಂಗಡಿ ತಿರುಗಿ ಬೇಳೆ ಹೇಗೆ, ಎಣ್ಣೆ ಹೇಗೆ ಎಂದು ಕೇಳುವುದು, ಬಟ್ಟಲು ಒಂದು ಕೈಯಲ್ಲಿಲ್ಲ ಅಷ್ಟೇ. ಈಗ ಹೇಳಬಹುದಿತ್ತು.

“ಪ್ಯಾಟ್ಯಾಗ ಈಗ ಎಷ್ಟೈತಿ?” ಎಂದು ಕೇಳಿದ, ಹಗುರವಾಗಿ ಕೇಳಿದಂತೆ ಮಾಡಿ. “ನೂರಾ ಎಪ್ಪತ್ತರ ಮ್ಯಾಲ” ಎಂದಳು ತಬಸುಮ. “ಎಪ್ಪತ್ತೈದು ಅಂತಾರ ನನಗ” ಎಂದಳು ಮತ್ತೊಬ್ಬಳು. ಶಂಭುವಿಗೆ ಕಿವಿ ಬಿಸಿಯಾಯಿತು. ಈ ಓಣಿಯ ಮೂಲೆಯ ಅಂಗಡಿಯವರು ಬಿಡಿ ಮಾರಿ ಸುಲಿಯುತ್ತಾರೆ, ಹೆಂಗಸರು ಅಲ್ಲಿ ಕೊಂಡು ಇಡೀ ಪೇಟೆಗೆ ಹೆಸರು ಇಡುತ್ತಾರೆ. ಇಲ್ಲವೆ ಒಳ್ಳೆಯ ಪಾಲೀಶಿನ ಬೇಳೆಯ ದರ ಹೇಳುತ್ತಿದ್ದಾರೆ. ಮುತ್ತಪ್ಪ ತನಗೆಂದು ಒಂದೆರಡು ರೂಪಾಯಿ ಬಿಟ್ಟಿರಬಹುದು, ಹೆಚ್ಚೆಂದರೆ ನಾಲ್ಕು, ಐದು. ಹೀಗೆ ಒಂದರ ಮೇಲೊಂದು ಹೇಳಿಕೊಂಡ. ಹೇಳಿಕೊಳ್ಳುತ್ತಿರುವಾಗಲೇ, ಇವನ್ನೆಲ್ಲ ತಾನು ಇವತ್ತು ಹೊಸದಾಗಿ ಯೋಚಿಸುತ್ತಿಲ್ಲ, ಬಹಳ ದಿನಗಳಿಂದ ತಯಾರಿಟ್ಟುಕೊಂಡಿದ್ದೇನೆ ಎಂದೂ ಹೊಳೆಯಿತು. “ನಾಳಿ ಬುಧವಾರ” ಎಂದಳು ನಾಗರತ್ನಾ. “ತಬಸುಮನ ಮನಿಯವ್ರ ಟೆಂಪೋ ಹೇಳೀವಿ. ಎಲ್ಲಾರೂ ಬಾಗಲಕೋಟಿಗಿ ಹೊಂಟೀವಿ. ದೊಡ್ಡ ಸಾಹೇಬ್ರ ಮುಂದ ಕುಂತು, ಕೌಂಟರ ತಗೀರಿ, ಇಲ್ಲಾ ಪ್ಯಾಟಿಗಿ ಬಂದು ನೀವ ಬ್ಯಾಳಿ ಕೊಂಡು ತೋರಸ್ರಿ ಅಂತೇವಿ.” ಆಡುವಾಗ ಅವಳ ದನಿ ಮೊದಲಿನ ಹಾಗೇ ಇತ್ತು, ತಕ್ಕಡಿಯ ಹಿಂದಿನ ದನಿ. ಶಂಭು ಮುಂದಿನದನ್ನು ಲೆಕ್ಕ ಹಾಕಿದ. ಇವರು ಹೋಗುತ್ತಾರೆ, ಸಾಹೇಬರು ಫೋನು ತೆಗೆದು ನೋಡುತ್ತಾರೆ, ಇಳಕಲ್ಲಿನಿಂದ ಕಳಿಸಿದವನ ಹೆಸರು ಅಲ್ಲೇ ಇರುತ್ತದೆ, ಅಕ್ಕ ಅದನ್ನು ಕಾಲಮೇಲೆ ಕಾಲು ಹಾಕಿ ಕೂತ ಯಾರದೋ ಬಾಯಿಂದ ಕೇಳುತ್ತಾಳೆ. ಆಗ ಬಾಯಿಂದ ತಾನೇ ಹೊರಬಿತ್ತು: “ಏ, ಹಂಗೇನಿಲ್ಲಕ್ಕಾ. ಪ್ಯಾಟ್ಯಾಗ ಅಷ್ಟಿಲ್ಲ. ಮುತ್ತಪ್ಪನಲ್ಲಿ ನೂರಾ ಮೂವತ್ತೆಂಟಕ್ಕ ಸಿಗ್ತದ. ಇವತ್ತ ಮುಂಜಾನಿ ಕೇಳೀನಿ.” ತಬಸುಮಳ ಬೆರಳು ನಿಂತಿತು. ಅಂಬವ್ವ ಮನೆಗೆ ಹೋಗಿ ಚೀಲ ತಂದಳು. “ಹಂಗಾರ ತಂದ ಕೊಡಪಾ ನನ್ನಪ್ಪ” ಎಂದಳು. ಆಮೇಲೆ ಒಬ್ಬೊಬ್ಬರೂ ಎದ್ದರು. ಸ್ಕೂಟರಿನ ಹಿಡಿಕೆಯ ಎರಡೂ ಬದಿಗೆ ಚೀಲಗಳು ತೂಗಾಡಿದವು, ನೋಟುಗಳು ಅವನ ಅಂಗಿಯ ಜೇಬಿನಲ್ಲಿ ಉಬ್ಬಿದವು. ಅಕ್ಕನದೂ ಒಂದು ಚೀಲ.

ಮುತ್ತಪ್ಪನ ಅಂಗಡಿಯಲ್ಲಿ ಊಟದ ಹೊತ್ತಿನ ಮಂಪರು. ಫ್ಯಾನು ತಿರುಗುತ್ತಿತ್ತು, ಮುತ್ತಪ್ಪ ಬನಿಯನ್ನಿನಲ್ಲಿ ಕೂತು ಹಲ್ಲಿಗೆ ಕಡ್ಡಿ ಹಾಕಿದ್ದ. ಶಂಭು ಚೀಲಗಳನ್ನು ಗಲ್ಲಾದ ಮೇಲೆ ಒಟ್ಟಿ, “ಎಲ್ಲಾ ತೂಗಲೇ ಮುತ್ತ್ಯಾ, ಮುಂಜಾನಿ ರೇಟಿಗೆ” ಎಂದ. ಹುರುಪಿನಿಂದಲೇ ಅಂದ. ಇಷ್ಟು ಚೀಲ ವ್ಯಾಪಾರ ಒಮ್ಮೆಗೇ ತಂದದ್ದಕ್ಕೆ ಗೆಳೆಯ ಖುಷಿಪಡಬಹುದೆಂದೂ ಒಳಗೊಳಗೆ ಇತ್ತು. ಮುತ್ತಪ್ಪ ಚೀಲ ನೋಡಿದ, ಶಂಭುವನ್ನು ನೋಡಿದ, ಕಡ್ಡಿ ತೆಗೆದ. “ಯಾರವು ಇವು?” “ಅಕ್ಕನ ಓಣಿಯಾವು.” ಮುತ್ತಪ್ಪ ನಕ್ಕ. ಕೆಟ್ಟ ನಗೆಯಲ್ಲ, ಹುಡುಗರು ತಪ್ಪು ಲೆಕ್ಕ ಮಾಡಿದಾಗ ದೊಡ್ಡವರು ನಗುವ ನಗೆ. “ಲೇ ಶಂಭು, ಹುಚ್ಚಗಿಚ್ಚ ಹಿಡದೈತೇನು? ಆ ರೇಟ ನಿನಗ. ಮಂದಿಗೆಲ್ಲಾ ಆ ರೇಟಿಗೆ ಕೊಟ್ರ ನಾ ಅಂಗಡಿಗಿ ಕೀಲಿ ಹಾಕಿ ನಿನ್ನ ಕಚೇರ್ಯಾಗ ನೀರ ತುಂಬಾಕ ಬರಬೇಕಾಗ್ತದ.” “ಮಂದಿಗೆ ಎಷ್ಟು?” ಎಂದ ಶಂಭು. ಇಷ್ಟು ದಿನ ಕೇಳದೆ ಬಿಟ್ಟ ಮಾತು ಅದು. ಬಾಯಿಂದ ಬಂದಾಗ ಎಷ್ಟು ಸಣ್ಣ ಮಾತು ಅನ್ನಿಸಿತು. “ಎಪ್ಪತ್ತೈದು. ಎಲ್ಲಾ ಕಡಿ ಅದ ಐತಿ. ನಿನಗೇನ ಗೊತ್ತಿಲ್ಲೇನು?”

ಗೊತ್ತಿತ್ತೇ? ಶಂಭು ಸ್ಟೂಲಿನ ಮೇಲೆ ಕೂತ. ಹೆಂಡತಿ ಪ್ರತಿ ಸಲ ಬೇಳೆಯ ಡಬ್ಬಿ ತುಂಬುವಾಗ, “ನಿಮ್ಮ ಗೆಳೆಯಾ ಇರೂ ತನಕಾ ನಮಗೇನ ಚಿಂತಿಲ್ಲ ನೋಡ್ರಿ” ಎನ್ನುತ್ತಿದ್ದಳು. ಆಗ ಅವನು ಎದೆ ಸ್ವಲ್ಪ ಮುಂದೆ ಮಾಡಿಕೊಂಡು ಪೇಪರು ತಿರುವುತ್ತಿದ್ದ. “ಖರೇ ರೇಟ ನನಗ ಯಾಕ ಹೇಳಲಿಲ್ಲ ನೀ? ನಾ ಏನ ಬರೀತೇನಿ ಅಂತ ನಿನಗ ಗೊತ್ತಿತ್ತು.” “ಗೊತ್ತಿತ್ತಲೇ” ಎಂದ ಮುತ್ತಪ್ಪ, ಅಷ್ಟು ಸರಾಗವಾಗಿ. “ನೀನ ಹೇಳಿದ್ದೆಲಾ, ಕರದಂಟು ತಂದು. ರೇಟ ಹೆಚ್ಚ ಕಂಡ ಊರಿಗೇ ಗೋದಾಮು ನೋಡಾಕ ಜೀಪು ಬರ್ತದ, ಅಗ್ಗದ ಬ್ಯಾಳಿನೂ ಬರ್ತದ ಅಂತ. ಬಂತೂ ಬಂತಲ್ಲ, ನಿಮ್ಮಕ್ಕನ ಓಣಿಗೆ. ಅವತ್ತಿಂದ ನನ್ನ ಬ್ಯಾಳಿ ಚೀಲ ಅಲ್ಲೇ ಕುಂತೈತಿ, ಹುಳಾ ಬೀಳೂದೊಂದ ಬಾಕಿ.” ಸುಮ್ಮನೆ ಕೂಡಲಾಗದೆ ಅವನು ಒಂದು ಚೀಲ ಬಿಡಿಸಿ ತಕ್ಕಡಿಯಲ್ಲಿ ಇಟ್ಟ. “ನಿನ್ನ ರೇಟು ಅಂತ ಮದ್ಲು ನಾನ ಬಿಡ್ತಿದ್ದೆ, ಖರೇ ಗೆಳೆತನಕ್ಕ. ಎರಡ ರೂಪಾಯಿ, ನಾಕ ರೂಪಾಯಿ. ಕೌಂಟರ ಬಂದ ಮ್ಯಾಲ ಬಜಾರ್ದವ್ರು ಎಲ್ಲಾ ಕೂಡಿ ಕುಂತ್ರು. ಶಂಭುನ ಮನಿ ಬ್ಯಾಳಿ ಎಷ್ಟ ಹಿಡೀತದ, ತಿಂಗಳಿಗಿ ನಾಕ ಕಿಲೋ? ಕೊಡೂಣು ಕಡಿಮಿಗೆ, ಎಲ್ಲಾರೂ ಪಟ್ಟಿ ಹಾಕೂಣು ಅಂದ್ರು. ನನಗೊಬ್ಬಗ ಭಾರ ಆಗಬಾರ್ದಂತ. ಭಾಳ ಮರ್ಯಾದಿ ಮಂದಿ ಬಿಡು.”

ಪಟ್ಟಿ. ಗಣಪತಿಗೆ ವಂತಿಗೆ ಹಾಕುವ ಹಾಗೆ, ಸತ್ತವರ ಮನೆಗೆ ಹಾಕುವ ಹಾಗೆ. ಶಂಭು ರಸ್ತೆಯ ಕಡೆ ನೋಡಿದ. ಎದುರಿನ ಎಣ್ಣೆ ಅಂಗಡಿಯವನು, ಅವನ ಪಕ್ಕದ ಬೀಜದ ಅಂಗಡಿಯವನು, ಬೆಳಿಗ್ಗೆ ಕೂತಲ್ಲಿಂದಲೇ ದರ ಕೂಗಿದವರು, ‘ಸಾಹೇಬ್ರ’ ಎಂದು ಕೈ ಎತ್ತುವವರು, ಎಲ್ಲರೂ ಸೇರಿ ತನ್ನ ಮನೆಯ ಸಾರಿಗೆ ಒಂದೊಂದು ಹಿಡಿ ಬೇಳೆ ಹಾಕುತ್ತಿದ್ದರು. ಅವನಿಗೆ ತಿಳಿಯದೆ, ಅವನ ಬಟ್ಟಲಿಗೆ. ಮುತ್ತಪ್ಪನ ಅಪ್ಪ ಓಣಿಗೆ ಕೇಳುವ ಹಾಗೆ ಕೂಗಿದ್ದರೆ ಇವರು ಯಾರಿಗೂ ಕೇಳದ ಹಾಗೆ ಮಾಡಿದ್ದರು, ಇಷ್ಟೇ ಫರಕು. ಸಿಟ್ಟು ಬಂತು, ಬಂದು ಕಣ್ಣಿಗೆ ನೀರೂ ತಂದಿತು. ನಲವತ್ತೆಂಟು ವರ್ಷದವನು ಕಿರಾಣಿ ಅಂಗಡಿಯ ಸ್ಟೂಲಿನ ಮೇಲೆ ಕೂತು ಅತ್ತರೆ ಹೇಗಿರುತ್ತದೆ? “ಬಾಡ್ಯಾ” ಎಂದ, ಆದಷ್ಟು ಮೆಲ್ಲಗೆ, ಯಾಕೆಂದರೆ ಆ ಸಿಟ್ಟಿನಲ್ಲಿಯೂ ಪಕ್ಕದ ಅಂಗಡಿಗೆ ಕೇಳಬಾರದಿತ್ತು. “ನಾಳಿ ಖರೇ ರೇಟ ಕಳಸ್ತೇನಿ. ಎಪ್ಪತ್ತೈದು ಅಂತ.” “ಕಳಸು” ಎಂದ ಮುತ್ತಪ್ಪ. ತಕ್ಕಡಿಯ ಮುಳ್ಳು ನಿಲ್ಲುವುದನ್ನೇ ನೋಡುತ್ತಿದ್ದ. “ಒಂದ ರಾತ್ರ್ಯಾಗ ಇಷ್ಟ ಹ್ಯಾಂಗ ಏರಿತು ಅಂತ ಕೇಳ್ತಾರ. ನನ್ನ ಕೇಳ್ತಾರೋ, ನಿನ್ನ ಕೇಳ್ತಾರೋ? ಇಷ್ಟ ದಿನಾ ಕಡಿಮಿ ರೇಟು ಯಾರ ಬರದ್ರು ಅಂತಾರ? ನಾ ಬ್ಯಾಳಿ ಮಾರಾಂವ, ನನಗೇನ ಸಹಿ ಐತಿ, ಶಿಕ್ಕಾ ಐತಿ?” ಆಮೇಲೆ ದನಿ ಇಳಿಸಿ, ನಿಜವಾಗಿಯೇ ಮರುಗಿದವನ ಹಾಗೆ, “ಯಾಕ ಸಿಟ್ಟಿಗೇಳ್ತಿಲೇ? ನಿನಗೇನರೆ ಕಡಿಮಿ ಮಾಡೀನಿ? ನಿನ್ನ ಹೆಸರಿನ ಮ್ಯಾಲ ಯಾರಿಗರೆ ಒಂದ ಮಾತ ಆಡಾಕ ಬಿಟ್ಟೀನೇನು?” ಎಂದ. ಅವನ ಮುಖದಲ್ಲಿ ಕಪಟ ಹುಡುಕಿದರೆ ಸಿಗಲಿಲ್ಲ. ಕಪಟ ಕಂಡಿದ್ದರೆ ಹೊಡೆಯಬಹುದಿತ್ತು.

ಖಾಲಿ ಚೀಲಗಳನ್ನು ಹಾಗೇ ಎತ್ತಿಕೊಂಡು ಹೋಗಬಹುದಿತ್ತು. ಶಂಭು ಅದನ್ನು ಯೋಚಿಸಿದ, ಇಲ್ಲವೆನ್ನುವಂತಿಲ್ಲ. ಖಾಲಿ ಚೀಲ ಒಯ್ದರೆ ಕಟ್ಟೆಯ ಮೇಲಿನ ಅಷ್ಟೂ ಹೆಂಗಸರಿಗೆ ಬಾಯಿ ಬಿಡದೆಯೇ ಎಲ್ಲ ಹೇಳಿದಂತೆ. ಅಂಬವ್ವ ಏನನ್ನುತ್ತಾಳೆ, ತಬಸುಮ ಯಾರನ್ನು ನೋಡುತ್ತಾಳೆ, ಅಕ್ಕ... ಅಕ್ಕನ ಹತ್ತಿರ ಬಂದಾಗ ಅವನ ಯೋಚನೆ ನಿಂತಿತು. “ತೂಗು” ಎಂದ. “ಎಲ್ಲಾನೂ ತೂಗು.” ಹೆಂಗಸರು ಕೊಟ್ಟ ನೋಟು ಗಲ್ಲಾದ ಮೇಲೆ ಸುರಿದು, ಕಡಿಮೆ ಬಿದ್ದದ್ದನ್ನು ತನ್ನ ಫೋನಿನಿಂದ ಕಳಿಸಿದ. ಬೆಳಿಗ್ಗೆ ಒತ್ತಿದ ಹೆಬ್ಬೆರಳೇ. ದುಡ್ಡು ಬಂತೆಂದು ಗಲ್ಲಾದ ಮೇಲಿನ ಮಾತಾಡುವ ಪೆಟ್ಟಿಗೆ ಗಟ್ಟಿಯಾಗಿ ಕೂಗಿ ಹೇಳಿತು. ಮುತ್ತಪ್ಪ ಒಂದು ಗಳಿಗೆ ಕೈ ನಿಲ್ಲಿಸಿ ಅವನನ್ನು ನೋಡಿದ. ಚೀಲಗಳನ್ನು ತಾನೇ ಹೊತ್ತು ತಂದು ಸ್ಕೂಟರಿನ ಮುಂದೆ ಹಿಂದೆ ಜೋಡಿಸಿ, ಹಗ್ಗ ಬಿಗಿದು, ಕಡೆಗೆ ಒಂದು ಸಣ್ಣ ಪೊಟ್ಟಣ ಹಿಡಿಕೆಗೆ ಸಿಕ್ಕಿಸಿದ. “ನಿನ್ನ ಮನೀದು, ಎರಡ ಕಿಲೋ. ಅದಕ್ಕ ನಿನ್ನ ರೇಟ ಹಿಡದೀನಿ” ಎಂದ. ಬಿಸಾಡಬೇಕಿತ್ತು. ಅಲ್ಲೇ, ಅವನು ಬೆಳಿಗ್ಗೆ ನೀರು ಚಿಮುಕಿಸಿದ ನೆಲದ ಮೇಲೆ. ಶಂಭು ಸ್ಕೂಟರ್ ಚಾಲು ಮಾಡಿದ, ಪೊಟ್ಟಣ ಹಿಡಿಕೆಯಲ್ಲೇ ಇತ್ತು.

ಓಣಿಯಲ್ಲಿ ಹೆಂಗಸರು ಸ್ಕೂಟರಿನ ಸದ್ದಿಗೇ ಎದ್ದು ಬಂದರು. ತುಂಬಿದ ಚೀಲಗಳು ಕೈಯಿಂದ ಕೈಗೆ ಇಳಿದವು. ಒಬ್ಬಳು ಬಾಯಿ ಬಿಚ್ಚಿ ಬೇಳೆ ಅಂಗೈಗೆ ಸುರಿದುಕೊಂಡು ಊದಿ ನೋಡಿದಳು, ಇನ್ನೊಬ್ಬ ಹೆಂಗಸು ಒಂದು ಕಾಳು ಹಲ್ಲಿಗೆ ಹಾಕಿ ಕಚ್ಚಿದಳು. “ಬಂಗಾರದಂಥಾ ಬ್ಯಾಳಿ!” ಎಂದಳು ತಬಸುಮ. “ಶಂಭಣ್ಣಾ, ಖರೇ ಹೇಳ್ರಿ, ಇದ ಮೂವತ್ತೆಂಟಕ್ಕೇ ಕೊಟ್ಟಾನ?” ಅವನು ಹೂಂ ಎಂದ. ಸಲೀಸಾಗಿ ಬಂತು. ಸಣ್ಣವನಿದ್ದಾಗ ಆ ಗಲ್ಲಾದ ಮುಂದೆ ಬಾರದ ‘ಹೂಂ’ ಇಲ್ಲಿ ಎಷ್ಟು ಸಲೀಸಾಗಿ ಬಂತು ಎಂದು ಅವನಿಗೇ ಆಶ್ಚರ್ಯವಾಯಿತು. ಅಂಬವ್ವ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. “ಹಂಗಾರ ಸರಕಾರದವ್ರು ಹೇಳಿದ್ದ ಖರೆ ಐತಿ ಬಿಡ್ರೆವಾ” ಎಂದಳು. “ರೇಟ ಇಳದೈತಿ. ನಾವ ಮೂಲಿ ಅಂಗಡ್ಯಾಗ ಕೊಂಡು ಸುಮ್ನ ಅವ್ರಿಗಿ ಬೈದ್ವಿ.” ಬೇಳೆ ಕೈಯಲ್ಲಿತ್ತು, ಎದುರಾಡುವುದಾದರೂ ಏನೆಂದು? ಶಂಭು ಅಕ್ಕನ ಮುಖ ನೋಡಿದ. ಅವಳೊಬ್ಬಳು ನಂಬಬಾರದು, ಅವಳೊಬ್ಬಳು ತನ್ನ ಕಣ್ಣಲ್ಲಿ ಕಣ್ಣಿಟ್ಟು ಗದರಿಸಿ ಕೇಳಬೇಕು, ಹಾಗೆ ಕೇಳಿದರೆ ಎಲ್ಲ ಹೇಳಿಬಿಡುತ್ತೇನೆ ಎಂದುಕೊಂಡ. ದೇವರಾಣೆ ಹೇಳುತ್ತಿದ್ದ. ಸಣ್ಣಂದಿನಿಂದ ಅವನ ಸುಳ್ಳು ಹಿಡಿಯುತ್ತಿದ್ದವಳು ಅವಳೇ. ಬೆಲ್ಲ ಎಲ್ಲಿಂದ ಬಂತೆಂದು ಬಾಯಿ ಮೂಸಿ ಹೇಳುತ್ತಿದ್ದಳು.

ನಾಗರತ್ನಾ ತನ್ನ ಚೀಲದ ಬಾಯಿ ಕಟ್ಟಿದಳು. ನಿಧಾನವಾಗಿ, ಎರಡು ಗಂಟು ಹಾಕಿ. ಪಡಸಾಲೆಯ ಬೆಳ್ಳನೆ ಗೋಡೆಯ ಕಡೆ ಒಮ್ಮೆ ನೋಡಿದಳು. “ತಬಸುಮ, ನಿಮ್ಮ ಮನಿಯವ್ರಿಗಿ ಹೇಳವಾ, ನಾಳಿ ಟೆಂಪೋ ಬ್ಯಾಡಂತ” ಎಂದಳು. “ರೇಟ ಇಳದ ಮ್ಯಾಲ ಯಾ ಮುಖಾ ಇಟಗೊಂಡ ಹೋಗೂದು? ನಮ್ಮನ್ನ ನೋಡಿ ನಕ್ಕಾರು.” ಹೆಂಗಸರು ಒಬ್ಬೊಬ್ಬರೇ ತಮ್ಮ ಚೀಲ ಎತ್ತಿಕೊಂಡು ಕರಗಿದರು, ಯಾವುದೋ ಮನೆಯಲ್ಲಿ ನಿಂತಿದ್ದ ಮಗ್ಗ ಮತ್ತೆ ಶುರುವಾಯಿತು. ಅಕ್ಕ ಮನೆಗೆ ಹೋಗಿ ಚಹಾ ತಂದು ಅವನ ಕೈಗೆ ಕೊಟ್ಟಳು. ಬೈಯದೆಯೇ ಕೊಟ್ಟಳು. ಅವಳ ಎರಡೂ ಕೈ ಮತ್ತೆ ಮೊದಲಿನ ಹಾಗೆ ಮಡಿಲಲ್ಲಿ ಬಿದ್ದಿದ್ದವು, ಕೆಲಸ ಕಾಯುವ ಕೈಗಳು. ಶಂಭುವಿನೊಳಗೆ ಮಾತು ಎದ್ದು ಎದ್ದು ಬೀಳುತ್ತಿತ್ತು: ಅಕ್ಕಾ, ಆ ಕಣ್ಣಿಲ್ಲದಾಂವ ನಾನ. ಟೆಂಪೋ ಬ್ಯಾಡ ಅನಬ್ಯಾಡ. ಹೇಳಿದರೆ ನೌಕರಿ ಹೋಗುತ್ತದೆಯೇ, ಹೋಗಲಿ. ಹೇಳಿದರೆ ಅಕ್ಕನೂ ಕೈತಪ್ಪಿ ಹೋಗುತ್ತಾಳೆ. ಚಹಾ ಸುಡುತ್ತಿತ್ತು, ಅವನು ಸುಡುಸುಡುವುದನ್ನೇ ಕುಡಿದ. “ಕೌಂಟರ್ದ ಋಣಾ ಅಷ್ಟ ಇತ್ತು ಬಿಡು” ಎಂದಳು ನಾಗರತ್ನಾ, ಅವನನ್ನೇ ಸಮಾಧಾನ ಮಾಡುವವಳ ಹಾಗೆ. “ಮನಸ್ಸಿಗಿ ಹಚ್ಚಿಕೋಬ್ಯಾಡ. ಇಷ್ಟ ಮಂದೀಗೆ ಕಡಿಮಿಗೆ ಕೊಟ್ಟಾನಂದ್ರ ಮುತ್ತಪ್ಪ ದೊಡ್ಡ ಮನಸಿನಾಂವ. ಅವರಪ್ಪನಂಗ ಅಲ್ಲ ನೋಡು. ಅಮಾಸಿಗಿ ಹೋಳಿಗಿ ಮಾಡ್ತೇನಿ, ನಿನ್ನ ಜೋಡಿ ಊಟಕ್ಕ ಕರಕೊಂಡ ಬಾ ಅವನ್ನ. ನಾನ ಬಡಸ್ತೇನಿ.”

“ಹೇಳ್ತೇನಿ” ಎಂದ ಶಂಭು.